ಹೊಟ್ಟಿ ತುಂಬದ ಕೌದಿ

ಹೂಂ ಅನ್ನವರು ಮುಂದ ಬರ್ರಿ. ಹೂಂ ಅನ್ನದವರು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ರಿ. ನಡುವ ಎದ್ದು ನೀರು ಬೇಕು, ಅದು ಬೇಕು, ಇದು ಬೇಕು ಅಂದ್ರ ನಾ ಕತಿ ಅಲ್ಲೇ ಬಿಟ್ಟು ಹೊಂಟೆ. ಆತಿಲ್ಲ? ಎಲ್ಲಿ, ಹೂಂ ಅನ್ರಿ.

ಒಂದೂರು. ಊರಾಗ ಒಂದು ಓಣಿ. ಓಣ್ಯಾಗ ಒಂದು ಮನಿ. ಮನಿ ಮುಂದ ಒಂದು ಬೇವಿನ ಗಿಡ. ಗಿಡದ ಕೆಳಗ ಒಂದು ಕಟ್ಟಿ. ಕಟ್ಟಿ ಮ್ಯಾಲ ಒಬ್ಬಾಕಿ ಹುಡುಗಿ. ಆಕಿ ಹೆಸರು ಸಂಕವ್ವ.

ಸಂಕವ್ವ ಒಬ್ಬಾಕೀನ ಇದ್ಲು. ಅವ್ವ ಬಾಣಂತನಕ್ಕ ತವರಮನಿಗೆ ಹೋಗಿದ್ಲು. ಅಲ್ಲಿ ತಮ್ಮ ಹುಟ್ಟಿದ್ದ. ಅಪ್ಪ ಮುಂಜಾನೆದ್ದು ಹೊಲಕ್ಕ ಹೋಗ್ತಿದ್ದ. ಅಡಗಿ ಮನ್ಯಾಗ ಯಾರೂ ಇದ್ದಿಲ್ಲ. ಪಡಸಾಲ್ಯಾಗ ಯಾರೂ ಇದ್ದಿಲ್ಲ. ಹಿತ್ತಲದಾಗ ಯಾರೂ ಇದ್ದಿಲ್ಲ. ಅವ್ವಾ ಅಂತ ಕರದ್ರ ಓ ಅನ್ನವರು ಯಾರೂ ಇದ್ದಿಲ್ಲ. ಆಕಿಗೆ ಭಾಳ ಬ್ಯಾಸರಾಗಿತ್ತು.

ಆಕಿ ಕಡೆ ಒಂದು ಕೌದಿ ಇತ್ತು. ಕೌದಿ ಅಂದ್ರ ಗೊತ್ತಿಲ್ಲ? ಹಳೇ ಅರಿವಿ ತುಂಡು ಒಂದರ ಮ್ಯಾಲ ಒಂದು ಇಟ್ಟು, ಕೈಲೆ ಹೊಲದದ್ದು. ಈಗ ನೀವು ಹೊದ್ದಕೊಂಡು ಕುಂತೀರಲ್ಲ, ಅದ ಕೌದಿ. ಆದ್ರ ಸಂಕವ್ವಂದು ಸಣ್ಣ ಕೌದಿ. ತಮ್ಮನ ಕೌದಿ. ಕೆಂಪು ತುಂಡು ಅವ್ವನ ಸೀರಿದು. ಬಿಳೀ ತುಂಡು ಅಪ್ಪನ ಧೋತರದ್ದು. ಹಸರು ತುಂಡು ಅಪ್ಪನ ಅವ್ವ, ಸತ್ತ ಆಯಿ ಕುಬಸದ್ದು. ಹಳದಿ ತುಂಡು ಸಂಕವ್ವನ ಲಂಗದ್ದು.

ಕೌದಿ ಸುರು ಮಾಡಿದಾಕಿ ಅವ್ವ. ಹೋಗುವಾಗ ಸೂಜಿ ಸಂಕವ್ವನ ಕೈಯಾಗ ಕೊಟ್ಲು. ಉಳದದ್ದು ನೀ ಹೊಲಿ, ಕೂಸಿನ್ನ ತೊಟ್ಲಾಗ ಹಾಕೂ ದಿನ ತಗೊಂಡು ಬಾ ಅಂದ್ಲು. ಕಡೀ ಮೂಲಿ ಮುಚ್ಚೂಕಿಂತ ಮೊದಲ ಕೌದಿ ಹೊಟ್ಟಿ ತುಂಬಸು ಅಂದ್ಲು. ನಮ್ಮ ಕಡೆ ಅದು ಪದ್ಧತಿ. ಕಡೀ ಮೂಲ್ಯಾಗ ಒಂದು ಚೂರು ರೊಟ್ಟಿ ಇಟ್ಟು ಹೊಲೀಬೇಕು. ಕೌದಿ ಉಪಾಸ ಇದ್ರ ಹೊದ್ದ ಕೂಸೂ ಉಪಾಸ. ಮತ್ತ ಯಾವ ಸೂಜೀಲೆ ಸುರು ಮಾಡ್ತೀರೋ ಅದ ಸೂಜೀಲೆ ಮುಗಸಬೇಕು. ಮಂದಿ ಸೂಜಿ ನಡ್ಯೂದಿಲ್ಲ.

ಅವತ್ತ ತಮ್ಮನ್ನ ತೊಟ್ಲಾಗ ಹಾಕೂ ದಿನ. ಅಪ್ಪ ಹೊಲಕ್ಕ ಹೋಗುವಾಗ ಹೇಳಿದ್ದ. ಬೇವಿನ ಗಿಡದ ನೆರಳು ಬಾಗಲಾ ಮುಟ್ಟೂದ್ರಾಗ ಬರ್ತೀನಿ, ಬಂಡಿ ಹೂಡ್ತೀನಿ, ತಯಾರಾಗಿರು ಅಂದಿದ್ದ. ಅರಿವ್ಯಾಗ ಒಂದು ರೊಟ್ಟಿ ಕಟ್ಟಿಟ್ಟು ಉಣ್ಣು ಅಂದಿದ್ದ.

ಸಂಕವ್ವ ಉಣ್ಣಲಿಲ್ಲ. ಮೊದಲ ಮೂಲಿ ಮುಚ್ಚಬೇಕು ಅಂದ್ಲು. ಆಕಿ ಮನಸ್ಸಿನ್ಯಾಗ ಒಂದು ಅಂಜಿಕಿ ಇತ್ತು. ಯಾರ ಮುಂದೂ ಹೇಳಿದ್ದಿಲ್ಲ. ಹೇಳಾಕ ಯಾರಿದ್ರು? ತಮ್ಮ ಬಂದಾನ. ಅವ್ವ ನನ್ನ ಮರತಿರಬೇಕು. ಕೌದಿ ತಗೊಂಡು ಹೋದ್ರ ನೆನಪಾಗ್ತೀನಿ. ಖಾಲಿ ಕೈಲೆ ಹೋದ್ರ ನೀ ಯಾರು ಅಂತ ಕೇಳ್ತಾಳೇನೋ. ಹಿಂಗಿತ್ತು ಆಕಿ ಅಂಜಿಕಿ.

ರೊಟ್ಟಿ ಮುರದ್ಲು. ಒಂದು ಚೂರು ಕೌದಿಗೆ ತಗದ್ಲು. ಸೂಜಿ ಕಳೀಬಾರದು ಅಂತ ಅದ ಚೂರಿಗೆ ಚುಚ್ಚಿಟ್ಲು. ಎಂಥಾ ಶಾಣ್ಯಾಕಿ ನೋಡ್ರಿ. ನೂಲು ತರಾಕ ಒಳಗ ಹೋದ್ಲು.

ಕಾಗಿ ಬಂತು. ಕಾ ಅಂತು. ರೊಟ್ಟಿ ಚೂರು ಒಯ್ತು. ರೊಟ್ಟಿ ಕೂಡ ಸೂಜೀನೂ ಒಯ್ತು.

ಸಂಕವ್ವ ಹೊರಗ ಬಂದ್ಲು. ಚೂರು ಇಲ್ಲ. ಸೂಜಿ ಇಲ್ಲ. ತಲಿ ಎತ್ತಿ ನೋಡಿದ್ಲು. ಗಿಡದ ಮ್ಯಾಲ ಕಾಗಿ ಗೂಡು. ಚೂರು ಕಾಗಿ ಹೊಟ್ಟ್ಯಾಗ. ಸೂಜಿ ಕಾಗಿ ಗೂಡಿನ್ಯಾಗ.

"ಕಾಗಿ, ಕಾಗಿ, ಸೂಜಿ ಕೊಡು. ಸೂಜಿ ನಂಗ. ಕೌದಿ ನನ್ನ ತಮ್ಮಗ."

ಕಾಗಿ ಒಲ್ಲೆ ಅಂತು. ನನ್ನ ಗೂಡು ಬರೇ ಕಡ್ಡಿ, ಮರಿಗೋಳ ಮೈಗೆ ಚುಚ್ಚತಾವು ಅಂತು. ಹಿಡಿ ಹತ್ತಿ ತಂದ್ರ ಸೂಜಿ, ಇಲ್ಲಂದ್ರ ಇಲ್ಲ ಅಂತು.

ಸಂಕವ್ವ ಉಳದ ರೊಟ್ಟಿ ಉಡ್ಯಾಗ ಕಟಗೊಂಡ್ಲು. ಕೌದಿ ಹೆಗಲ ಮ್ಯಾಲ ಹಾಕೊಂಡ್ಲು. ಒಬ್ಬಾಕೀನ ನಡದ್ಲು. ಓಣ್ಯಾಗ ಯಾರೂ ಇದ್ದಿಲ್ಲ. ಮಂದಿ ಎಲ್ಲಾ ಹೊಲದಾಗ. ಬಾಗಲಾ ಎಲ್ಲಾ ಮುಚ್ಚಿದ್ವು. ಆಕಿ ನೆರಳು ಒಂದ ಆಕಿ ಸಂಗಾಟ.

ಹತ್ತಿ ಯಾರ ಕಡೆ ಇರ್ತೈತಿ? ಹತ್ತಿ ಹಿಂಜಾವನ ಕಡೆ. ಟೊಂಯ್ ಟೊಂಯ್, ಟೊಂಯ್ ಟೊಂಯ್. ಪಿಂಜಾರ ಮೌಲಾಸಾಬ ಹತ್ತಿ ಹಿಂಜಾಕತ್ತಿದ್ದ.

"ಕಾಕಾ, ಕಾಕಾ, ಹಿಡಿ ಹತ್ತಿ ಕೊಡು. ಹತ್ತಿ ಕಾಗೀಗೆ. ಸೂಜಿ ನಂಗ. ಕೌದಿ ನನ್ನ ತಮ್ಮಗ."

ಮೌಲಾಸಾಬ ಆಗೂದಿಲ್ಲ ತಂಗಿ ಅಂದ. ಹತ್ತಿ ಎಲ್ಲೈತಿ ನೀನ ನೋಡು ಅಂದ. ಅವನ ಮೀಸಿ ಮ್ಯಾಲ ಹತ್ತಿ. ಹುಬ್ಬಿನ ಮ್ಯಾಲ ಹತ್ತಿ. ಟೊಪಗಿ ಮ್ಯಾಲ ಹತ್ತಿ. ಚೀಲದಾಗ ಮಾತ್ರ ಹತ್ತಿ ಇಲ್ಲ. ಚೀಲ ಹರದಿತ್ತು. ಹಿಂಜಿದ್ದು ಹಿಂಜಿದಂಗ ಹಾರಿ ಹೋಗ್ತಿತ್ತು. ಚೀಲ ತಂದ್ರ ಹತ್ತಿ, ಇಲ್ಲಂದ್ರ ಇಲ್ಲ ಅಂದ.

ಚೀಲ ಹೊಲಿಯೂದೇನು ದೊಡ್ಡದು? ಸೂಜಿ ಇದ್ರ ಸಂಕವ್ವ ತಾನ ಹೊಲೀತಿದ್ಲು. ಸೂಜಿ ಎಲ್ಲೈತಿ? ನೀವ ಹೇಳ್ರಿ. ಹಾಂ. ಕಾಗಿ ಗೂಡಿನ್ಯಾಗ.

ಕಾಗಿ ಒಲ್ಲೆ ಅಂತು. ಪಿಂಜಾರ ಕಾಕಾ ಆಗೂದಿಲ್ಲ ಅಂದ. ಸಂಕವ್ವ ಒಬ್ಬಾಕೀನ ನಡದ್ಲು. ಬಿಸಲು ಏರಿತ್ತು. ನೆರಳು ಗಿಡ್ಡ ಆಗಿತ್ತು. ಗಿಡ್ಡ ನೆರಳು ಒಂದ ಆಕಿ ಸಂಗಾಟ.

ಚೀಲ ಯಾರು ಹೊಲೀತಾರ? ಸಿಂಪಿಗೇರ ರಾಚಣ್ಣ. ಊರ ಮಂದಿ ಅಂಗಿ ಎಲ್ಲಾ ಹೊಲಿಯಾಂವ ಅವನ. ಅವನ ಮನ್ಯಾಗ ಹೊಲಿಗಿ ಮಷೀನ್ ಇತ್ತು.

"ಮಾಂವ, ಮಾಂವ, ಒಂದು ಚೀಲ ಹೊಲದು ಕೊಡು. ಚೀಲ ಪಿಂಜಾರ ಕಾಕಾಗ. ಹತ್ತಿ ಕಾಗೀಗೆ. ಸೂಜಿ ನಂಗ. ಕೌದಿ ನನ್ನ ತಮ್ಮಗ."

ನಿಮ್ಮಾಗ ಯಾರೋ ಕೇಳಾಕತ್ತೀರಿ, ಸಿಂಪಿಗೇರಾವನ ಕಡೆ ಸೂಜಿ ಇದ್ದಿಲ್ಲೇನು ಅಂತ. ಇತ್ತಪ್ಪಾ, ಇತ್ತು. ಮಷೀನಿನ ಸೂಜಿ. ಅದರ ಕಣ್ಣು ಚೂಪಿನ ಕಡೆ ಇರ್ತೈತಿ. ಅದು ಕೈಹೊಲಿಗಿಗೆ ಬರೂದಿಲ್ಲ. ಮಂದಿ ಸೂಜಿ ನಡ್ಯೂದಿಲ್ಲಂತ ಆಗ್ಲೇ ಹೇಳೀನಿ, ಕಿವಿ ಎಲ್ಲಿಟ್ಟಿದ್ರಿ?

ರಾಚಣ್ಣ ಆಗೂದಿಲ್ಲ ಮಗಳ ಅಂದ. ಮಷೀನ್ ಮ್ಯಾಲ ಕಾಲಿಟ್ಟು ತುಳದು ತೋರಿಸಿದ. ಕಿರ್ ಅಂತು. ನಿಂತು ಬಿಟ್ಟಿತು. ಮತ್ತ ತುಳದ. ಕಿರ್ ಅಂತು. ನಿಂತು ಬಿಟ್ಟಿತು. ಎಣ್ಣಿ ಕಾಣದ ತಿಂಗಳಾತು ಅಂದ. ಬಟ್ಲ ಎಣ್ಣಿ ತಂದ್ರ ಚೀಲ, ಇಲ್ಲಂದ್ರ ಇಲ್ಲ ಅಂದ.

ಕಾಗಿ ಒಲ್ಲೆ ಅಂತು. ಪಿಂಜಾರ ಕಾಕಾ ಆಗೂದಿಲ್ಲ ಅಂದ. ಸಿಂಪಿಗೇರ ಮಾಂವ ಆಗೂದಿಲ್ಲ ಅಂದ. ಸಂಕವ್ವ ಒಬ್ಬಾಕೀನ ನಡದ್ಲು. ಈಗ ಸೂರ್ಯಾ ನೆತ್ತಿ ಮ್ಯಾಲ. ಕೆಳಗ ನೋಡಿದ್ಲು. ನೆರಳೂ ಇಲ್ಲ. ಅದೂ ಕಾಲ ಕೆಳಗ ಹೋಗಿ ಅಡಗಿತ್ತು. ಈಗ ಆಕಿ ಸಂಗಾಟ ಯಾರೂ ಇಲ್ಲ.

ಎಣ್ಣಿ ಎಲ್ಲಿ ಬರ್ತೈತಿ? ಗಾಣದಾಗ. ಎತ್ತು ಸುತ್ತ ತಿರಗತೈತಿ, ಗಾಣ ತಿರಗತೈತಿ, ಕುಸಬಿ ಕಾಳು ಅರದು ಎಣ್ಣಿ ಇಳೀತೈತಿ. ಗಾಣ ಫಕೀರವ್ವಂದು. ಗಾಣದ ಮುಂದ ಫಕೀರವ್ವ ತಲಿ ಮ್ಯಾಲ ಕೈ ಹೊತಗೊಂಡು ಕುಂತಿದ್ಲು.

"ಅತ್ತಿ, ಅತ್ತಿ, ಬಟ್ಲ ಎಣ್ಣಿ ಕೊಡು. ಎಣ್ಣಿ ಸಿಂಪಿಗೇರ ಮಾಂವಗ. ಚೀಲ ಪಿಂಜಾರ ಕಾಕಾಗ. ಹತ್ತಿ ಕಾಗೀಗೆ. ಸೂಜಿ ನಂಗ. ಕೌದಿ ನನ್ನ ತಮ್ಮಗ."

ಫಕೀರವ್ವ ಎಲ್ಲಿ ಎಣ್ಣಿ ಯವ್ವಾ ಅಂದ್ಲು. ಎತ್ತು ಮುಂಜಾನಿಂದ ಒಂದು ಹೆಜ್ಜಿ ಇಟ್ಟಿಲ್ಲ. ಹುಲ್ಲು ಹಾಕಿದ್ಲಂತ, ನಡೀಲಿಲ್ಲ. ಹಿಂಡಿ ಹಾಕಿದ್ಲಂತ, ನಡೀಲಿಲ್ಲ. ಬೈದ್ಲಂತ, ನಡೀಲಿಲ್ಲ. ಕೈ ಮುಗದ್ಲಂತ, ನಡೀಲಿಲ್ಲ. ಎತ್ತು ನಡದ್ರ ಎಣ್ಣಿ, ಇಲ್ಲಂದ್ರ ಇಲ್ಲ ಅಂದ್ಲು.

ಕಾಗಿ ಒಲ್ಲೆ ಅಂತು. ಪಿಂಜಾರ ಕಾಕಾ ಆಗೂದಿಲ್ಲ ಅಂದ. ಸಿಂಪಿಗೇರ ಮಾಂವ ಆಗೂದಿಲ್ಲ ಅಂದ. ಗಾಣದ ಅತ್ತಿ ಎಲ್ಲಿ ಎಣ್ಣಿ ಅಂದ್ಲು. ಇನ್ನ ಕೇಳಾಕ ಯಾರೂ ಉಳದಿದ್ದಿಲ್ಲ, ಎತ್ತು ಒಂದ. ಸಂಕವ್ವ ಒಳಗ ಹೋದ್ಲು. ಒಳಗ ಕತ್ತಲಿ ಇತ್ತು. ಎತ್ತು ತಲಿ ಕೆಳಗ ಹಾಕಿ ನಿಂತಿತ್ತು. ಅದರ ಕಣ್ಣಿಗೆ ಅರಿವಿ ಕಟ್ಟಿದ್ರು.

"ಬಸವಣ್ಣ, ಬಸವಣ್ಣ, ನಾಕು ಹೆಜ್ಜಿ ನಡಿ. ನಡಿಗಿ ಗಾಣಕ್ಕ. ಎಣ್ಣಿ ಸಿಂಪಿಗೇರ ಮಾಂವಗ. ಚೀಲ ಪಿಂಜಾರ ಕಾಕಾಗ. ಹತ್ತಿ ಕಾಗೀಗೆ. ಸೂಜಿ ನಂಗ. ಕೌದಿ ನನ್ನ ತಮ್ಮಗ."

ಇಷ್ಟು ಹೇಳೂದ್ರಾಗ ಆಕಿ ದನಿ ಇಳದಿತ್ತು. ಈ ಬಸವಣ್ಣ ಏನು ಕೇಳ್ತಾನೋ ಅಂತ ಅಂಜಿ ನಿಂತ್ಲು. ಆಕಿ ಕಡೆ ಕೊಡಾಕ ಏನೂ ಇದ್ದಿಲ್ಲ.

ಬಸವಣ್ಣ ಸಾವಕಾಶ ಮಾತಾಡಿದ. "ನಂಗ ಹುಲ್ಲು ಬ್ಯಾಡ, ಹಿಂಡಿ ಬ್ಯಾಡ. ಕಣ್ಣಿಗೆ ಅರಿವಿ ಕಟ್ಟ್ಯಾರ. ದಿನಾ ಸುತ್ತತೀನಿ. ಎಷ್ಟು ಸುತ್ತಿದ್ರೂ ಎಲ್ಲೂ ಮುಟ್ಟೂದಿಲ್ಲ. ಯಾರೂ ಮಾತಾಡ್ಸೂದಿಲ್ಲ. ನನ್ನ ಸಂಗಾಟ ಒಂದೀಟು ನಡೀ ಯವ್ವಾ. ನೀ ನಡದ್ರ ನಾ ನಡೀತೀನಿ."

ಸಂಕವ್ವ ಅದರ ಹತ್ತರ ಸರದ್ಲು. ಆಮ್ಯಾಲ ಅಂದ್ಲು, "ನಾನೂ ಒಬ್ಬಾಕೀನ ಅದೀನಿ."

ಹೊತ್ತು ಇಳಿಯಾಕತ್ತಿತ್ತು. ಬೇವಿನ ನೆರಳು ಅಲ್ಲಿ ಸರಿಯಾಕತ್ತಿತ್ತು. ಆದ್ರೂ ಸಂಕವ್ವ ಅವಸರ ಮಾಡಲಿಲ್ಲ. ಬಸವಣ್ಣನ ಕುತಗಿ ಮ್ಯಾಲ ಕೈ ಇಟ್ಲು. ಬೆನ್ನ ಮ್ಯಾಲ ಕೌದಿ ಹಾಸಿದ್ಲು. ಇಬ್ಬರೂ ನಡದ್ರು. ಕುಂಯ್ ಅಂತು ಗಾಣ.

ಒಂದನೇ ಸುತ್ತು. ಕೆಂಪು ತುಂಡು ಅವ್ವನ ಸೀರಿದು ಅಂತ ಹೇಳಿದ್ಲು. ಬಸವಣ್ಣ ಹೂಂ ಅಂದ.

ಎರಡನೇ ಸುತ್ತು. ಬಿಳೀ ತುಂಡು ಅಪ್ಪನ ಧೋತರದ್ದು ಅಂತ ಹೇಳಿದ್ಲು. ಬಸವಣ್ಣ ಹೂಂ ಅಂದ.

ಮೂರನೇ ಸುತ್ತು. ಹಸರು ತುಂಡು ಆಯಿ ಕುಬಸದ್ದು, ಆಯಿ ಈಗಿಲ್ಲ ಅಂತ ಹೇಳಿದ್ಲು. ಬಸವಣ್ಣ ಹೂಂ ಅಂದ. ನಿಮಗಿಂತ ಚಲೋ ಹೂಂ ಅಂದ.

ನಾಕನೇ ಸುತ್ತು. ಹಳದಿ ತುಂಡು ನನ್ನ ಲಂಗದ್ದು ಅಂದ್ಲು. ತಮ್ಮ ಬಂದಮ್ಯಾಲ ಅವ್ವ ನನ್ನ ಮರತಾಳೇನೋ ಅಂದ್ಲು. ಯಾರ ಮುಂದೂ ಹೇಳದ ಮಾತು ಬಸವಣ್ಣನ ಮುಂದ ಹೇಳಿದ್ಲು. ಬಸವಣ್ಣ ಹೂಂ ಅನ್ನಲಿಲ್ಲ. ಆಕಿ ಕೈ ನೆಕ್ಕಿದ.

ಹನಿ ಹನಿ ಹನಿ, ಎಣ್ಣಿ ಇಳೀತು. ಸಂಕವ್ವ ಉಡಿ ಬಿಚ್ಚಿದ್ಲು. ರೊಟ್ಟಿ ಬಸವಣ್ಣಗ ತಿನಸಿದ್ಲು. ಒಂದು ಚೂರು ಮಾತ್ರ ಕೌದಿಗೆ ತಗದಿಟ್ಲು. ತಾನು ಉಂಡ್ಲೇನು? ಉಣ್ಣಲಿಲ್ಲ. ಆಕಿಗೆ ನೆನಪಾಗ್ಲಿಲ್ಲ. ನೆನಪು ಮಾಡವರೂ ಇದ್ದಿಲ್ಲ.

ಫಕೀರವ್ವ ಎಣ್ಣಿ ನೋಡಿದ್ಲು. ಎತ್ತು ನೋಡಿದ್ಲು. ಹುಡುಗಿ ನೋಡಿದ್ಲು. ಎದ್ದು ಬಂದ್ಲು. ಎತ್ತಿನ ಕಣ್ಣಿನ ಅರಿವಿ ಬಿಚ್ಚಿದ್ಲು. ಅದರ ಬಾಜೂಕ ತಾನ ನಡಿಯಾಕತ್ತಿದ್ಲು.

ಈಗ ಓಡಬೇಕು. ನೀವೂ ನನ್ನ ಕೂಡ ಹೇಳ್ರಿ.

ಬಸವಣ್ಣ ಗಾಣಕ್ಕ ನಡಿಗಿ ಕೊಟ್ಟ. ಗಾಣದ ಅತ್ತಿ ಬಟ್ಲ ಎಣ್ಣಿ ಕೊಟ್ಲು. ಸಂಕವ್ವ ಕೌದಿ ಮತ್ತ ಹೆಗಲಿಗೆ ಹಾಕೊಂಡು ಚೆಲ್ಲದಂಗ ಓಡಿದ್ಲು. ನೆರಳು ಮತ್ತ ಹೊರಗ ಬಂದು ಮುಂದ ಮುಂದ ಓಡ್ತಿತ್ತು.

ಬಸವಣ್ಣ ನಡಿಗಿ ಕೊಟ್ಟ. ಗಾಣದ ಅತ್ತಿ ಎಣ್ಣಿ ಕೊಟ್ಲು. ಸಿಂಪಿಗೇರ ಮಾಂವ ಮಷೀನಿಗೆ ಎಣ್ಣಿ ಬಿಟ್ಟ. ಕಿರ್ ಅನ್ನಲಿಲ್ಲ. ಟಕ ಟಕ ಟಕ ಅಂತು. ಚೀಲ ಹೊಲದು ಕೊಟ್ಟ.

ಬಸವಣ್ಣ ನಡಿಗಿ ಕೊಟ್ಟ. ಗಾಣದ ಅತ್ತಿ ಎಣ್ಣಿ ಕೊಟ್ಲು. ಸಿಂಪಿಗೇರ ಮಾಂವ ಚೀಲ ಕೊಟ್ಟ. ಪಿಂಜಾರ ಕಾಕಾ ಹತ್ತಿ ಎಲ್ಲಾ ಚೀಲದಾಗ ತುಂಬಿದ. ಮೀಸಿ ಮ್ಯಾಲಿಂದು ತುಂಬಿದ, ಹುಬ್ಬಿನ ಮ್ಯಾಲಿಂದು ತುಂಬಿದ, ಟೊಪಗಿ ಮ್ಯಾಲಿಂದು ತುಂಬಿದ. ಹಿಡಿ ಹತ್ತಿ ಸಂಕವ್ವಗ ಕೊಟ್ಟ.

ಬಸವಣ್ಣ ನಡಿಗಿ ಕೊಟ್ಟ. ಗಾಣದ ಅತ್ತಿ ಎಣ್ಣಿ ಕೊಟ್ಲು. ಸಿಂಪಿಗೇರ ಮಾಂವ ಚೀಲ ಕೊಟ್ಟ. ಪಿಂಜಾರ ಕಾಕಾ ಹತ್ತಿ ಕೊಟ್ಟ. ಕಾಗಿ ಹತ್ತಿ ಗೂಡಿಗೆ ಹಾಸಿತು. ಮರಿ ಹಾಸಿಗಿ ಮ್ಯಾಲ ಮಲಗಿದ್ವು. ಕಾಗಿ ಸೂಜಿ ಕೆಳಗ ಬಿಟ್ಟಿತು.

ಸೂಜಿ ಸಂಕವ್ವನ ಕೈಗೆ ಬಂತು. ಅದ ಸೂಜಿ, ಅವ್ವನ ಸೂಜಿ. ಬೇವಿನ ನೆರಳು ಬಾಗಲಕ್ಕ ಒಂದು ಗೇಣು ದೂರ ಇತ್ತು.

ನೂಲು ಪೋಣಿಸಿದ್ಲು. ಮೂಲ್ಯಾಗ ರೊಟ್ಟಿ ಚೂರು ಇಟ್ಲು. ಒಂದು ಟಾಕಿ, ಎರಡು ಟಾಕಿ, ಮೂರು ಟಾಕಿ. ಕೌದಿ ಹೊಟ್ಟಿ ತುಂಬಿತು. ಮೂಲಿ ಮುಚ್ಚಿತು. ಕೌದಿ ಆತು. ನೆರಳು ಬಾಗಲಾ ಮುಟ್ಟಿತು. ಅಪ್ಪ ಬಂದ, ಬಂಡಿ ಹೂಡಿದ.

ಬಂಡಿ ಹಳ್ಳ ದಾಟಿತು. ಅವ್ವನ ಊರು ಬಂತು. ದೀಪಾ ಹಚ್ಚೂ ಹೊತ್ತು. ಮನಿ ತುಂಬ ಮಂದಿ. ತೊಟ್ಲಿಗೆ ಹೂವಾ ಕಟ್ಟಿದ್ರು. ಹೆಣ್ಮಕ್ಕಳು ಜೋಗುಳ ಹಾಡಾಕತ್ತಿದ್ರು. ಅತ್ತೇರು, ಚಿಗವ್ವೇರು, ಗುರತಿಲ್ಲದವರು, ಎಲ್ಲಾರೂ ತಮ್ಮನ್ನ ನೋಡಾವ್ರ. ಬಾಗಲದಾಗ ನಿಂತ ಸಂಕವ್ವನ್ನ ಯಾರೂ ನೋಡಲಿಲ್ಲ. ಅಷ್ಟು ಮಂದ್ಯಾಗ ಆಕಿ ಮತ್ತ ಒಬ್ಬಾಕೀನ.

ಮಂದಿ ನಡುವ ಸಂದಿ ಮಾಡಿಕೊಂಡು ಹೋದ್ಲು. ಅವ್ವನ ಮುಂದ ಕೌದಿ ಇಟ್ಲು.

ಅವ್ವ ಕೌದಿ ತಗೊಂಡ್ಲು. ಕೆಂಪು ತುಂಡು ಸವರಿದ್ಲು. ಬಿಳೀ ತುಂಡು ಸವರಿದ್ಲು. ಹಸರು ತುಂಡು ಸವರಿದ್ಲು. ಹಳದಿ ತುಂಡಿನ ಮ್ಯಾಲ ಕೈ ಹಂಗ ಇಟ್ಲು. ಆಮ್ಯಾಲ ಕಡೀ ಮೂಲಿ ಬೆರಳಿಲೆ ಒತ್ತಿ ನೋಡಿದ್ಲು. ರೊಟ್ಟಿ ಚೂರು ಸಿಕ್ಕಿತು. ತಲಿ ಎತ್ತಿ ಸಂಕವ್ವನ ಮಾರಿ ನೋಡಿದ್ಲು. ಮಾರಿ ಬಾಡಿತ್ತು, ತುಟಿ ಒಣಗಿತ್ತು.

"ತಮ್ಮನ ಹೊಟ್ಟಿ ತುಂಬೈತಿ. ಕೌದಿ ಹೊಟ್ಟಿ ತುಂಬೈತಿ. ನನ್ನ ಮಗಳ ಹೊಟ್ಟಿ ತುಂಬೈತೇನು?"

ಸಂಕವ್ವ ಕಾಗಿ ಮುಂದ ಅತ್ತಿದ್ದಿಲ್ಲ. ಪಿಂಜಾರ ಕಾಕಾನ ಮುಂದ ಅತ್ತಿದ್ದಿಲ್ಲ. ಸಿಂಪಿಗೇರ ಮಾಂವನ ಮುಂದ ಅತ್ತಿದ್ದಿಲ್ಲ. ಗಾಣದ ಅತ್ತಿ ಮುಂದ ಅತ್ತಿದ್ದಿಲ್ಲ. ಬಸವಣ್ಣನ ಮುಂದೂ ಅತ್ತಿದ್ದಿಲ್ಲ. ಈಗ ಅತ್ಲು. ದೊಡ್ಡ ದನಿ ತಗದು ಅತ್ಲು.

ಅವ್ವ ಜೋಗುಳ ನಿಲ್ಲಸ್ರಿ ಅಂದ್ಲು. ಕೂಸು ಒಂದೀಟು ತಡದೀತು ಅಂದ್ಲು. ಸಂಕವ್ವನ್ನ ತೊಡಿ ಮ್ಯಾಲ ಕುಂದರಿಸಿಕೊಂಡ್ಲು. ಒಂದು ಬಿಸಿ ರೊಟ್ಟಿ ತರಿಸಿದ್ಲು. ಮುರದು, ಬೆಣ್ಣಿ ಹಚ್ಚಿ, ತನ್ನ ಕೈಲೆ ತಿನಸಿದ್ಲು. ಕಾಗಿ ಒಯ್ದದ್ದು ಒಂದು ಚೂರು ರೊಟ್ಟಿ. ಸಂಕವ್ವಗ ಸಿಕ್ಕದ್ದು ಇಡೀ ರೊಟ್ಟಿ, ಇಡೀ ಅವ್ವ.

ಆಮ್ಯಾಲ ತಮ್ಮನ್ನ ತೊಟ್ಲಾಗ ಹಾಕಿದ್ರು. ಮ್ಯಾಲ ಕೌದಿ ಹೊಚ್ಚಿದ್ರು. ತೊಟ್ಲದ ಹಗ್ಗ ಅವ್ವ ಸಂಕವ್ವನ ಕೈಯಾಗ ಕೊಟ್ಲು.

ನನ್ನ ಕತಿ ಮೂಲಿ ಮುಚ್ಚಿತು. ಅಲ್ಲೇ ಕಡೀಕ ಕುಂತಾಕಿ, ನೀ ಯಾಕ ಮುಂಜಾನಿಂದ ಸುಮ್ಮನ ಅದಿ? ನೀ ಉಂಡಿಯಿಲ್ಲ? ಬಾ ಇಲ್ಲಿ.